ಹಿಂದೆ ನಿಲ್ಲುವವರು

ಇವತ್ತು ಬೆಳಿಗ್ಗೆ ಸೊರಬದಲ್ಲಿ ಶಿವಮೊಗ್ಗದ ಬಸ್ಸು ಹತ್ತಿ, ಪಕ್ಕದ ಸೀಟಿನ ಮೇಲೆ ಒಂದು ನೀಲಿ ಟವಲ್ ಹಾಸಿ ಕೂತೆ. ಟವಲ್ ಹಾಕಿ ಸೀಟು ಹಿಡಿಯುವುದು ಯಾವ ಪುಸ್ತಕದಲ್ಲೂ ಇಲ್ಲದ, ಆದರೆ ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡ ಕಾನೂನು. ಆದರೂ ಒಬ್ಬ ಹಿರಿಯರು ತಡೆಯಲಾರದೆ ಕೇಳಿದರು, "ಯಾರಾದ್ರೂ ಬರ್ತಾರೇನ್ರೀ?"

"ಶಿಕಾರಿಪುರದಲ್ಲಿ ಹತ್ತುತ್ತಾಳೆ" ಅಂದೆ.

"ಅಲ್ಲೀವರೆಗೂ ಟವಲ್ ಕೂತಿರತ್ತೆ, ನಾನು ನಿಂತಿರ್ಬೇಕಾ?"

ನ್ಯಾಯವಾದ ಪ್ರಶ್ನೆ. ಟವಲ್ ಎತ್ತಿ ಮಡಿಲಲ್ಲಿಟ್ಟುಕೊಂಡು ಅವರನ್ನು ಕೂರಿಸಿದೆ. ಎತ್ತಿದ್ದೇ ತಡ, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಕಳೆದ ಭಾನುವಾರ ನನ್ನ ಚೀಲದಲ್ಲಿ ಉಳಿದುಹೋದ ಟವಲ್. ಒಗೆದು ಒಣಗಿಸಿದರೂ ಈಜುಕೊಳ ಅದನ್ನು ಬಿಟ್ಟಿಲ್ಲ. ಆ ವಾಸನೆ ನಿಮಗೆ ನಲ್ಲಿ ನೀರನ್ನು ನೆನಪಿಸಬಹುದು. ನನಗೆ ನೆನಪಾಗುವುದು ನನ್ನ ಅಕ್ಕನ ಮಗಳು ರೂಪಾ.

ಈಜಿನ ಬಗ್ಗೆ ಬರೆಯಲು ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಕೆಟಿನಾಚೆಯ ನೀರನ್ನು ನಾನು ಈವರೆಗೂ ನಂಬಿದವಳಲ್ಲ. ಆದರೆ ನಾನು ಶಾಲೆಯ ಮೇಡಮ್ಮು, ಭಾನುವಾರ ರಜೆ. ಶಿಕಾರಿಪುರದ ಪಕ್ಕದ ಅಂಜನಾಪುರದಲ್ಲಿರುವ ಅಕ್ಕನ ಮನೆಯಲ್ಲಿ ಕುರಿಗಳಿಗೆ ಭಾನುವಾರವೆಂಬುದಿಲ್ಲ. ಹಾಗಾಗಿ ಮಗಳನ್ನು ಶಿವಮೊಗ್ಗದ ಈಜುಕೊಳಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಆ ಮನೆಯಲ್ಲಿ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯುತ್ತಾರೆ. ತೊಳೆಯುವುದೆಂದರೆ, ಅಣೆಕಟ್ಟಿನ ಹಿನ್ನೀರಿನ ಸಣ್ಣದೊಂದು ಕವಲಿನಲ್ಲಿ ಈ ದಡದಿಂದ ಆ ದಡಕ್ಕೆ ಈಜಿಸುವುದು. ಒಬ್ಬರು ಮುಂದೆ ಈಜುತ್ತಾರೆ, ಅವರನ್ನು ನೋಡಿ ಕುರಿಗಳು ನೀರಿಗಿಳಿಯುತ್ತವೆ. ರೂಪಾ ಚಿಕ್ಕವಳಿದ್ದಾಗಿನಿಂದ ಮುಂದಿನ ಕೆಲಸ ಅವಳದೇ. ಶಾಲೆಯ ಪಿ.ಟಿ. ಮಾಸ್ತರರು ಅದನ್ನು ನೋಡಿ, "ಈ ಹುಡುಗಿ ಕುರಿ ಮುಂದೆ ಈಜೋದು ಸಾಕು" ಎಂದು ಕೋಚ್ ಹತ್ತಿರ ಕಳಿಸಿದರು.

ನೆಂಟರಲ್ಲಿ ಕೆಲವರಿಗೆ ಹೊಟ್ಟೆನೋವು ಬಂತು. ಬೆಳೆದ ಹುಡುಗಿ, ಈಜುವ ಉಡುಪು, ನಾಲ್ಕು ಜನ. ರೂಪಾಳ ಅಜ್ಜ, ಅಂದರೆ ಭಾವನ ಅಪ್ಪ, ಒಂದೇ ಮಾತಿನಲ್ಲಿ ಮುಗಿಸಿದ: "ನೆರಿಗೆ ಹಿಡಕಂಡು ನೀರಿಗಿಳಿದ್ರೆ ಮುಳುಗ್ತಾರ್ರೀ. ನಮ್ಮುಡುಗಿ ತೇಲ್ಬೇಕು." ಅಂದಿನಿಂದ ಅಕ್ಕ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿಯತೊಡಗಿದಳು. ಭಾವ ಮಾತನಾಡುವವರಲ್ಲ, ಕುರಿ ಮೇಯಿಸುವ ಜಾಗವನ್ನೇ ನೀರಿನ ಅಂಚಿಗೆ ಬದಲಾಯಿಸಿದರು. ದಿನಾ ಶಾಲೆಗೆ ಮುಂಚೆ ಅವಳು ಈಜುವಾಗ ದಡದಲ್ಲಿ ಅವರ ಕಂಬಳಿ ಕಾಣುತ್ತಿತ್ತು.

ಅವಳ ಮೊದಲ ಜಿಲ್ಲಾ ಸ್ಪರ್ಧೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕೊಳದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಲದ ಈಜು. ಅರ್ಧದವರೆಗೂ ರೂಪಾ ಎಲ್ಲರಿಗಿಂತ ಮುಂದಿದ್ದಳು. ನಾನು ಪಕ್ಕದವರ ಭುಜ ಹಿಡಿದು ಕುಣಿಯುತ್ತಿದ್ದೆ, ಅವರು ಯಾರೋ ಏನೋ. ಅಷ್ಟರಲ್ಲಿ ಹುಡುಗಿ ನೀರಿನಿಂದ ತಲೆಯೆತ್ತಿ, ಪೂರ್ತಿ ಹಿಂದಕ್ಕೆ ತಿರುಗಿ ನೋಡಿದಳು. ಎಲ್ಲರೂ ಬರುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಮತ್ತೆ ಈಜಿದಳು. ಬಂದವರು ಬಂದೇಬಿಟ್ಟರು, ಅವಳನ್ನು ದಾಟಿ ಹೋದರು.

ಕೋಚ್ ಕೆಂಡವಾದರು. ಬೈದರು, ತಿದ್ದಿದರು, ತಿಂಗಳುಗಟ್ಟಲೆ ಕಲಿಸಿದರು. ಒಬ್ಬಳೇ ಈಜುವಾಗ ಬಾಣ. ಹಿಂದೆ ಯಾರಾದರೂ ಇದ್ದರೆ ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಮುಂದಿನ ಸ್ಪರ್ಧೆಯಲ್ಲಿ ಮೊದಲ ಇಬ್ಬರು ರಾಜ್ಯಮಟ್ಟಕ್ಕೆ. ಈ ಸಲವೂ ತಿರುಗಿದರೆ ಇವಳನ್ನು ಬಿಟ್ಟು ಬೇರೆಯವರನ್ನು ತಯಾರು ಮಾಡುತ್ತೇನೆ ಎಂದು ಅವರು ಹೇಳಿಯೂ ಬಿಟ್ಟರು.

ಮನೆಯಲ್ಲಿ ವಿಷಯ ಹೇಳಿದಾಗ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದನ್ನ ಕಲಿಸಿದೋನು ನಾನೇ ಅಲ್ಲೇನವ್ವ! ಮುಂದೆ ಹೋಗೋರು ಹಿಂದೆ ನೋಡ್ದೆ ಹೋದ್ರೆ ಕುರಿ ಕಳೀತೈತಿ." ಆಮೇಲೆ ನಗು ನಿಲ್ಲಿಸಿ, "ಆದ್ರೆ ಹಿಂದೆ ಒಂದಾಳು ಇದ್ರೆ ಮುಂದಿನೋರು ತಿರುಗಂಗಿಲ್ಲ. ಹಿಂದಿಂದು ನಾ ನೋಡ್ಕಂತೀನಿ, ನೀ ಹೋಗು" ಅಂದ.

ಮರುದಿನದಿಂದ ಅಜ್ಜ ದಡದ ಮೇಲೆ, ಅವಳು ಹೊರಡುವ ಜಾಗದಲ್ಲಿ ನಿಲ್ಲತೊಡಗಿದ. ಅವಳ ಹಿಂದೆ ಭಾವ ಕುರಿಗಳನ್ನು ನೀರಿಗಿಳಿಸುತ್ತಿದ್ದರು. ಅಜ್ಜ "ಹೋ…ಯ್" ಎಂದು ಕೂಗುತ್ತಿದ್ದ. ಎಲ್ಲಾ ಸರಿಯಿದೆ, ನಡಿ ಎಂದು ಹಿಂದಿನವರು ಮುಂದಿನವರಿಗೆ ಕೊಡುವ ಕೂಗು ಅದು. ದಿನ ಕಳೆದಂತೆ ಅವಳ ಕುತ್ತಿಗೆ ನಂಬಿಕೆ ಕಲಿಯಿತು.

ಎರಡನೇ ಸ್ಪರ್ಧೆಗೆ ಮನೆಮಂದಿಯೆಲ್ಲ ಹೊರಟೆವು. ಉಳಿದ ತಂದೆತಾಯಿಗಳು ಮೊಬೈಲ್ ಹಿಡಿದು ಗೆಲ್ಲುವ ತುದಿಯಲ್ಲಿ ನೂಕಾಡುತ್ತಿದ್ದರೆ, ನಾವು ಹೊರಡುವ ತುದಿಯಲ್ಲಿ ಸಾಲಾಗಿ ನಿಂತೆವು. ಬಿಲ್ಲೆ ಹಾಕಿಕೊಂಡ ಒಬ್ಬರು ಬಂದು, "ಆ ಕಡೆ ಹೋಗ್ರೀ, ಇಲ್ಲಿಂದ ಏನೂ ಕಾಣಲ್ಲ" ಎಂದರು.

"ನಮಗೆ ಕಾಣೋದು ಬ್ಯಾಡ್ರೀ" ಅಂದ ಅಜ್ಜ. "ನಾವಿಲ್ಲಿ ಇದೀವಿ ಅಂತ ಅವಳಿಗೆ ಗೊತ್ತಿದ್ರೆ ಸಾಕು."

ಸೀಟಿ ಊದಿದರು. ನಿಜಕ್ಕೂ ಏನೂ ಕಾಣಲಿಲ್ಲ. ನೊರೆ, ದೂರವಾಗುತ್ತಿದ್ದ ಪಾದಗಳು, ಅಷ್ಟೇ. ಅಜ್ಜ ಕೂಗಿದ, ಎಲ್ಲರೂ ನಮ್ಮತ್ತ ನೋಡಿದರು. ರೂಪಾ ಒಬ್ಬಳು ನೋಡಲಿಲ್ಲ. ನನ್ನತ್ತ ತಿರುಗಿ ನೋಡದ ಮಗುವಿನಿಂದ ನನಗೆ ಅಷ್ಟೊಂದು ಸಂತೋಷವಾದದ್ದು ಅದೇ ಮೊದಲು. ಗೋಡೆ ಮುಟ್ಟಿದ ಮೇಲಷ್ಟೇ ತಿರುಗಿ, ನಮ್ಮ ಕಡೆಗೆ ಎರಡು ಬೆರಳೆತ್ತಿ ತೋರಿಸಿದಳು. ಎರಡನೆಯವಳು! ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು.

ಇವತ್ತು ಹೊರಟಿರುವುದು ರಾಜ್ಯಮಟ್ಟದ ಸ್ಪರ್ಧೆಗೆ. ಶಿಕಾರಿಪುರದಲ್ಲಿ ಹಿರಿಯರು ಎದ್ದು ಜಾಗ ಬಿಟ್ಟರು, ರೂಪಾ ಹತ್ತಿ ಕೂತಳು. ಮನೆಮಂದಿಯೆಲ್ಲ ಕೆಳಗೇ ನಿಂತಿದ್ದರು. ಉಣ್ಣೆ ಕತ್ತರಿಸುವ ಕಾಲ, ಕುರಿ ಬಿಟ್ಟು ಬರುವಂತಿಲ್ಲ, ಅಜ್ಜನಿಗೆ ಮೊಣಕಾಲು ಹಿಡಿದುಕೊಂಡಿದೆ. ಅವನು ಕೋಲೂರಿ ಕಿಟಕಿಗೆ ಬಂದು ನನಗೆ ಹೇಳಿದ, "ಈ ಸಲ ಹಿಂದೆ ನೀ ಒಬ್ಬಾಕಿನೇ. ಕೂಗು ಮರೀಬ್ಯಾಡವ್ವ."

ಬಸ್ಸು ಹೊರಟಿತು. ಹಿಂದಿನಿಂದ "ಹೋ…ಯ್" ಕೇಳಿಸಿತು. ನಾನು ಕುತ್ತಿಗೆ ಹೊರಳಿಸಿ, ಕಣ್ಣು ಮಂಜಾಗುವವರೆಗೂ ನೋಡಿದೆ. ರೂಪಾ ಟವಲ್ ಸುತ್ತಿ ತಲೆಗಿಟ್ಟುಕೊಂಡು ಕಣ್ಣು ಮುಚ್ಚಿದ್ದಳು.

ಊರು ದಾಟಿದ ಮೇಲೆ, ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ ನಾನೂ ಒಮ್ಮೆ ಕೂಗಿ ನೋಡಿದೆ. ಯಾರೋ ಇಳಿಯುವುದನ್ನು ಮರೆತರೆಂದು ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿಬಿಟ್ಟ. ಇಡೀ ಬಸ್ಸು ನನ್ನತ್ತ ತಿರುಗಿ ನೋಡಿತು.

ರೂಪಾ ತಿರುಗಲಿಲ್ಲ, ಕಣ್ಣೂ ತೆರೆಯಲಿಲ್ಲ. "ಇನ್ನೂ ಗಟ್ಟಿಯಾಗಿ ಕೂಗ್ಬೇಕು ಚಿಕ್ಕಮ್ಮ" ಅಂದಳು.