ಸಾಕು ಅನ್ನುವ ಕಣ

ಎರಡು ಸಾವಿರದ ಇಸವಿ ದಾಟಿತ್ತು. ನಾನು ಬಸವನ ಬಾಗೇವಾಡಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಮ್ಮೆ ಇಂಡಿ ಹತ್ತಿರದ ಮಾವನವರ ನಿಂಬೆ ತೋಟದಲ್ಲಿ, ನನಗೂ ಹೊಲದ ಕೆಲಸ ಬರುತ್ತದೆಂದು ತೋರಿಸಲು ಹೋಗಿ ಮುಂಗೈಗೆ ಕುಡಗೋಲು ಹೊಡೆದುಕೊಂಡೆ. ಗಾಯ ಸಣ್ಣದು, ನನ್ನ ಗಡಿಬಿಡಿ ದೊಡ್ಡದು. ಮಾಯಿತೋ ಇಲ್ಲವೋ ಎಂದು ದಿನವೂ ಹಕ್ಕಳೆ ಕಿತ್ತು ನೋಡುತ್ತಿದ್ದೆ. ಅರಿಶಿಣ ಹಚ್ಚಿದೆ, ಮುಲಾಮು ಹಚ್ಚಿದೆ, ಎರಡನ್ನೂ ಒರೆಸಿ ಮತ್ತೇನೋ ಹಚ್ಚಿದೆ.

"ಗಾಯ ಮಾಯಾಕತ್ತೈತ್ರಿ, ನೀವ ಬಿಡವಲ್ರಿ," ಅಂದಳು ಹೆಂಡತಿ.

ಜೀವಶಾಸ್ತ್ರ ಓದಿದವನಿಗೇ ಬುದ್ಧಿ ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಕಡೆಗೆ ಅಲ್ಲಿ ಹುಣಸೆಬೀಜದಷ್ಟು ಗಟ್ಟಿ ಗಂಟು ಉಳಿಯಿತು.

ಮುಂದೊಂದು ದಿನ ವಿಜ್ಞಾನ ಪತ್ರಿಕೆಯಲ್ಲಿ ಓದಿದೆ: ಗಾಯಕ್ಕೆ ಓಡಿ ಬಂದು ಹೋರಾಡುವ ಬಿಳಿ ರಕ್ತಕಣಗಳಿಗೆ "ಸಾಕು, ಇನ್ನು ನಿಲ್ಲಿಸಿ" ಎನ್ನಲಿಕ್ಕೇ ಬೇರೆ ಕಣಗಳಿವೆ. ಅವುಗಳ ಮಾತು ನಡೆಯದಿದ್ದರೆ ರಿಪೇರಿ ಮುಗಿಯುವುದೇ ಇಲ್ಲ. ನಾರಿನ ಮೇಲೆ ನಾರು ಕೂಡಿ ಮೆತ್ತಗಿನ ಮಾಂಸ ಗಡುಸಾಗುತ್ತದೆ.

ಮರುದಿನವೇ ತರಗತಿಯಲ್ಲಿ ತೋಳು ಏರಿಸಿ, ಗಂಟು ತೋರಿಸಿ, ಪಾಠ ಶುರುಹಚ್ಚಿದೆ. ಮಕ್ಕಳು ಪಿಟ್ಟೆನ್ನದೆ ಕೂತಿದ್ದರು. ಇದು ನನ್ನ ಪಾಠದ ಮಹಿಮೆ ಎಂದುಕೊಂಡು ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಹೇಳಿದೆ.

ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಎದ್ದು ನಿಂತಳು.

"ಸರ, ಬೆಲ್ ಹೊಡದು ಇಪ್ಪತ್ತು ನಿಮಿಷಾತ್ರಿ. ಸಾಕು ಅಂತ ನಿಮಗ ಯಾರು ಹೇಳಬೇಕಂತ ನಾವು ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ವಿರಿ."