ಅದಲುಬದಲಾದ ಆರನೇ ರೀಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಗೆ ಇಂಗ್ಲಿಷ್ ಸಿನಿಮಾಗಳ ವಿಮರ್ಶೆ ಬರೆಯುತ್ತಿದ್ದೆ. ಓದುವವರು ಎಷ್ಟು ಜನವೋ, ಜಂಬ ಮಾತ್ರ ಬೆಟ್ಟದಷ್ಟಿತ್ತು. ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಮಾರ್ನಿಂಗ್ ಶೋ ನೋಡುವುದು, ಸೋಮವಾರ ಕೂತು ಅಮೆರಿಕಕ್ಕೆ ಬುದ್ಧಿ ಹೇಳುವುದು ನನ್ನ ಪದ್ಧತಿ.

ಒಂದು ವಾರ ಜಗತ್ತನ್ನು ಉಳಿಸುವ ಸಿನಿಮಾ ಬಂದಿತ್ತು. ಹೆಲಿಕಾಪ್ಟರು, ಬಾವುಟ, ಅಧ್ಯಕ್ಷರ ಭಾಷಣ, ಮುಖಕ್ಕೆ ಮಸಿ ಮೆತ್ತಿಕೊಂಡ ನಾಯಕ. ‘ಇಂಟರ್‌ವಲ್ ನಂತರದ ತಿರುವು ಅದ್ಭುತ, ಕಥೆಯ ಓಟ ಎಲ್ಲೂ ತಪ್ಪುವುದಿಲ್ಲ’ ಎಂದು ಬರೆದೆ.

ಅದು ಅಚ್ಚಾದ ದಿನವೇ ಹರಿಹರದ ಆ ಟಾಕೀಸಿನ ಆಪರೇಟರ್ ನಮ್ಮ ಕಚೇರಿಗೆ ಬಂದರು. ಇಪ್ಪತ್ತು ವರ್ಷ ಪ್ರೊಜೆಕ್ಟರ್ ಓಡಿಸಿದ, ಬಿಳಿ ಟೋಪಿ, ಉದ್ದ ಗಡ್ಡದ ಹಿರಿಯರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

“ಸರ್, ನೀವು ಬರ್ದಿರೋ ತಿರುವು ಆ ಸಿನಿಮಾದ್ದೇ ಅಲ್ರಿ. ನಮ್ ಡಬ್ಬಿ, ದಾವಣಗೆರೆ ಟಾಕೀಸಿಗೆ ಹೋಗೋ ಬೇರೆ ಸಿನಿಮಾ ಡಬ್ಬಿ ಒಂದೇ ಬಸ್ಸಿಗೆ ಬಂದಿದ್ವು. ಆರನೇ ರೀಲು ಅದಲುಬದಲಾಗೈತೆ. ನಂಬರ್ ನೋಡ್ದೆ, ಹೆಸ್ರು ನೋಡ್ಲಿಲ್ಲ.”

“ಹಂಗಾದ್ರೆ ದಾವಣಗೆರೆಲಿ?”

“ಅಲ್ಲಿ ನಮ್ ರೀಲು ಓಡೈತೆ. ಅಲ್ಲೂ ಯಾರೂ ಕೇಳಿಲ್ರಿ.”

ನಾನು ಇಂಗು ತಿಂದ ಮಂಗನಂತಾದೆ. ಆಮೇಲೆ ಇಬ್ಬರಿಗೂ ತಡೆಯಲಾರದ ನಗು ಬಂತು. ಚಾಚಾ ಮೊದಲು ನಗು ನಿಲ್ಲಿಸಿದರು.

“ಎರಡ್ರಾಗೂ ಬಾಂಬ್ ಇಡೋನಿಗೆ ನನ್ನಂಗೇ ಗಡ್ಡ ಐತ್ರಿ. ನೋಡಿ ನೋಡಿ ಸಾಕಾಗೈತೆ. ನಾನು ತಪ್ಪಿ ಹಾಕ್ದೆ. ಸಿನಿಮಾ ತೆಗಿಯೋರು ಬೇಕಂತ್ಲೇ ಅದನ್ನೇ ಹಾಕ್ತಾರೆ.”

ನನಗೆ ನಾಚಿಕೆಯಾಯಿತು. ಅಷ್ಟೊಂದು ಬರೆದವನ ಕಣ್ಣಿಗೆ ಆ ಗಡ್ಡ ಒಮ್ಮೆಯೂ ಬಿದ್ದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆನಿಸಿತು. ಆದರೆ ಬರೆದರೆ ಇವರ ಕೆಲಸಕ್ಕೇ ಕುತ್ತು, ಟಾಕೀಸಿನ ಮಾಲೀಕರು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು.

“ಬ್ಯಾಡ ಬಿಡ್ರಿ ಚಾಚಾ, ಬರೆಯಲ್ಲ” ಎಂದೆ.

ಅವರು “ಬರೆದ್ರೆ ಗಡ್ಡದ್ದೂ ಬರೀತೀರಾ?” ಎಂದು ಕೇಳಿದರು. ಹೂಂ ಎಂದೆ.

“ಹಂಗಾದ್ರೆ ಬರೀರಿ. ಏನಾಗ್ತೈತೋ ಆಗ್ಲಿ.”

ಮೊದಲು ನನ್ನ ತಪ್ಪು ಒಪ್ಪಿಕೊಂಡು, ಆಮೇಲೆ ಅವರ ಮಾತನ್ನು ಹಾಗೆಯೇ ಬರೆದೆ. ಅಚ್ಚಾದ ಮರುದಿನ ಮಾಲೀಕರು ನಮ್ಮಿಬ್ಬರನ್ನೂ ಟಾಕೀಸಿಗೆ ಕರೆಸಿದರು. ಮೇಜಿನ ಮೇಲೆ ಪತ್ರಿಕೆ ಬಿಡಿಸಿಟ್ಟಿತ್ತು. ಚಾಚಾ ಒಳಗೆ ಬಂದವರೇ ಪ್ರೊಜೆಕ್ಟರ್ ರೂಮಿನ ಕೀಲಿಯನ್ನು ಅದರ ಮೇಲಿಟ್ಟರು.

“ಕೀಲಿ ಯಾಕ ಇಡ್ತೀರಿ?” ಎಂದರು ಮಾಲೀಕರು. “ನಾನೂ ಬಾಲ್ಕನಿಯಾಗೇ ಕೂತಿದ್ದೆ. ನನಗೇ ಗೊತ್ತಾಗ್ಲಿಲ್ಲ, ನಿಮಗೇನಂತ ಬಯ್ಲಿ? ಕೂಡ್ರಿ. ಮುಂದಿನ ತಿಂಗ್ಳಿಗೆ ಎಂಥ ಸಿನಿಮಾ ತರಿಸ್ಲಿ, ನೀವೇ ಹೇಳ್ರಿ.”

ಇಪ್ಪತ್ತು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಚಾಚಾ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, “ಗಡ್ಡದೋನು ಬಾಂಬ್ ತೆಗೆದು ಊರು ಉಳಿಸೋದು ಎಲ್ಲಾದ್ರೂ ಸಿಕ್ರೆ ನೋಡ್ರಿ” ಎಂದರು.

ಮಾಲೀಕರು ನಗಲಿಲ್ಲ. “ಹುಡುಕ್ಸೋಣ್ರಿ” ಎನ್ನುತ್ತ ಆಗಲೇ ಬೆಂಗಳೂರಿನ ಹಂಚಿಕೆದಾರರಿಗೆ ಫೋನ್ ಹಚ್ಚಿದರು.