ಗೋದಲಿಗೆ ತಂದ ತರಗೆಲೆ

ನಮ್ಮ ಸಭೆಯಲ್ಲಿ ವರ್ಷದ ಕೊನೆಯ ಭಾನುವಾರ ಸಾಕ್ಷಿ ಹೇಳುವ ಪದ್ಧತಿಯಿದೆ. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತು, ಈ ವರ್ಷ ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಎಂದು ಹೇಳಬೇಕು. ಶಿಕಾರಿಪುರದಲ್ಲಿ ನಮ್ಮದು ತಗಡಿನ ಮಾಡಿನ ಸಣ್ಣ ಸಭೆ. ಎಲ್ಲರೂ ಬಂದರೂ ಹಿಂದಿನ ಸಾಲಿನ ಕುರ್ಚಿಗಳು ಖಾಲಿ ಉಳಿಯುತ್ತವೆ. ಆದರೆ ಸಾಕ್ಷಿಗೆಂದು ಎದ್ದವರು ಮಾತ್ರ ಸುಲಭಕ್ಕೆ ಕೂರುವವರಲ್ಲ. ಅದಕ್ಕೇ ಪಾಸ್ಟರ್ ಮೇಜಿನ ಮೇಲೆ ಒಂದು ಗಂಟೆ ಇಟ್ಟುಕೊಂಡಿದ್ದಾರೆ, ಮೂರು ನಿಮಿಷ ಆಯಿತೆಂದರೆ ಬಾರಿಸುತ್ತಾರೆ.

ನನಗೆ ಅವರು ಆ ಗಂಟೆ ಬಾರಿಸಿದ್ದು ಕಡಿಮೆ. ನಾನು ಹೇಳುತ್ತಿದ್ದದ್ದು ಮಕ್ಕಳ ಸೇವೆಯ ಕಥೆ. ಪ್ರತಿ ಡಿಸೆಂಬರಿನಲ್ಲಿ ನಾವು ಏಳೆಂಟು ಜನ ಟೆಂಪೊ ಮಾಡಿಕೊಂಡು ಶಿರಾಳಕೊಪ್ಪದ ಮೇಲೆ ಸೊರಬದ ಕಡೆ ಹೋಗಿ, ಕಾಡಂಚಿನ ಬಡ ಮಕ್ಕಳಿಗೆ ಕಂಬಳಿ, ನೋಟ್‌ಬುಕ್, ಬಟ್ಟೆ ಕೊಟ್ಟು ಬರುತ್ತೇವೆ. ನಾನು ಟೈಲರ್. ವರ್ಷವಿಡೀ ಉಳಿದ ತುಂಡು ಬಟ್ಟೆಗಳನ್ನು ಸೇರಿಸಿ ಫ್ರಾಕು ಹೊಲಿದಿಟ್ಟಿರುತ್ತೇನೆ. ಫ್ರಾಕು ತೊಟ್ಟ ಮಗು ಹೇಗೆ ನಕ್ಕಿತು, ಬರಿಗಾಲಲ್ಲಿ ಟೆಂಪೊದ ಹಿಂದೆ ಎಲ್ಲಿಯವರೆಗೆ ಓಡಿ ಬಂತು ಎಂದೆಲ್ಲ ಹೇಳುವಾಗ ಎಲ್ಲಿ ದನಿ ತಗ್ಗಿಸಿದರೆ ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ನಾನು ಹುಟ್ಟು ಕ್ರೈಸ್ತಳಲ್ಲ. ಚಿಕ್ಕವಳಿದ್ದಾಗ ಅಪ್ಪನ ಕೈಹಿಡಿದು ತೊಗರ್ಸಿಯ ಮಲ್ಲಿಕಾರ್ಜುನನಿಗೆ ಕಾಯಿ ಒಡೆಸಿಕೊಂಡು ಬಂದವಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಕಾಯಿಲೆಯೊಂದರಲ್ಲಿ ಸಭೆಯವರು ಕೈಹಿಡಿದ ಮೇಲೆ ಈ ಕಡೆ ಬಂದೆ. ಹೊಸದಾಗಿ ಬಂದವರಿಗೆ ಮಡಿ ಜಾಸ್ತಿ. ಹುಟ್ಟು ಕ್ರೈಸ್ತರು ಪಕ್ಕದ ಮನೆಯ ಪ್ರಸಾದವನ್ನು ಕಣ್ಣುಮುಚ್ಚಿ ತಿನ್ನುತ್ತಾರೆ, ನಾನು ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಕುಂಕುಮ ಹಚ್ಚಿದ ಕಲ್ಲೋ ಮುರಿದ ಕಾಯಿಯೋ ಕಂಡರೆ ಮುಖ ಆ ಕಡೆ ತಿರುಗಿಸಿ ನಡೆಯುತ್ತಿದ್ದೆ. ಅದೇನು, ಯಾಕೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕೇಳದಿರುವುದೇ ನನ್ನ ನಂಬಿಕೆಯ ಗಟ್ಟಿತನ ಅಂದುಕೊಂಡಿದ್ದೆ.

ಈ ಸಲ ಹೋದದ್ದು ಕ್ಯಾಸನೂರಿನ ಆಚೆಗಿರುವ ಒಂದು ಸಣ್ಣ ಕೇರಿಗೆ. ಅಲ್ಲಿರುವವರು ಹೆಚ್ಚಿನವರು ಶುಂಠಿ ಗದ್ದೆಯ ಕೂಲಿಯವರು. ಶಾಲೆಯ ಮೇಷ್ಟ್ರು ಒಳ್ಳೆಯ ಮನುಷ್ಯ, ಅಂಗಳ ಬಿಟ್ಟುಕೊಟ್ಟರು. ಕೊಡುವಾಗಲೇ, “ಮಕ್ಕಳಿಗೆ ಏನ್ ಕೊಡ್ತೀರೋ ಕೊಡಿ ಅಕ್ಕೋರೆ, ಪ್ರಾರ್ಥನೆ ಗೀರ್ಥನೆ ಎಲ್ಲ ಬ್ಯಾಡ. ಆಮೇಲೆ ನಾನು ಉತ್ತರ ಹೇಳ್ಬೇಕಾಗ್ತದೆ” ಎಂದಿದ್ದರು. ನಾವು ಹೂಂ ಎಂದೆವು. ಆದರೆ ಯೇಸು ಹುಟ್ಟಿದ ಕಥೆಯನ್ನು ಮಕ್ಕಳಿಂದ ಒಂದು ಚಿಕ್ಕ ನಾಟಕ ಮಾಡಿಸಿದರೆ ಅದು ಪ್ರಾರ್ಥನೆಯಾಗುವುದಿಲ್ಲ ಎಂದು ನಮ್ಮೊಳಗೇ ತೀರ್ಮಾನಿಸಿಕೊಂಡೆವು. ಹೂಂ ಅಂದು ಬೇರೆ ಮಾಡುವುದರಲ್ಲಿ ನಾವು ನಿಸ್ಸೀಮರು.

ನಾಟಕಕ್ಕೆ ಗೋದಲಿ ಬೇಕು. ದನಗಳಿಗೆ ಮೇವು ಹಾಕುವ ಆ ತೊಟ್ಟಿಯಲ್ಲಿ ಕೂಸನ್ನು ಮಲಗಿಸುವುದು ಕಥೆಯ ಮುಖ್ಯ ಭಾಗ. ಹಣ್ಣಿನ ಖಾಲಿ ಪೆಟ್ಟಿಗೆಯೊಂದನ್ನು ತಂದಿದ್ದೆವು. ಅದಕ್ಕೆ ಹಾಸಲು ಪ್ರತಿವರ್ಷ ಒಂದು ಚೀಲ ಭತ್ತದ ಹುಲ್ಲು ಒಯ್ಯುವುದು ನನ್ನ ಕೆಲಸ. ಆ ಚೀಲ ಈ ಸಲ ನಮ್ಮ ಮನೆಯ ಜಗಲಿಯಲ್ಲೇ ಉಳಿದಿತ್ತು. ಹುಲ್ಲು ಬೇಕೆಂದರೆ ಗದ್ದೆ ದಾಟಿ ದೂರದ ಮನೆಗಳಿಗೆ ಹೋಗಿ ಕೇಳಬೇಕಿತ್ತು. ಶಾಲೆಯ ಹಿಂದೆಯೇ ಕಾಡು. ಮರದ ಬುಡದಲ್ಲಿ ಒಣಗಿದ ತರಗೆಲೆ ಮೊಣಕಾಲುದ್ದ ಬಿದ್ದಿತ್ತು. ಇದೇ ಆಗುತ್ತದೆ ಅಂದುಕೊಂಡೆ.

ಕಾಡಿಗೆ ಹೋಗುವ ಕಾಲುದಾರಿಯ ಬಾಯಲ್ಲಿ ಒಂದು ಕಲ್ಲಿತ್ತು. ಅದಕ್ಕೆ ಕುಂಕುಮ, ಮೇಲೆ ಬಾಡಿದ ದಾಸವಾಳ, ಸುತ್ತ ಬಿಳಿ ಪುಡಿ ಉದುರಿಸಿದ್ದರು. ರಂಗೋಲಿ ಪುಡಿ ಇರಬೇಕು ಎಂದು ಮುಖ ತಿರುಗಿಸಿದೆ.

ಬೆಳಿಗ್ಗೆಯಿಂದ ನನ್ನ ಹಿಂದೆಯೇ ಸುತ್ತುತ್ತಿದ್ದ ಒಬ್ಬಳು ಹುಡುಗಿಯಿದ್ದಳು. ಐದನೇ ಕ್ಲಾಸು. ನಾನು ಹೊಲಿದ ಹಳದಿ ಫ್ರಾಕು ಅವಳಿಗೆ ಸ್ವಲ್ಪ ಗಿಡ್ಡವಾಗಿತ್ತು, ಆದರೂ ಬಿಚ್ಚಲು ಒಪ್ಪಿರಲಿಲ್ಲ. ಅವಳ ಕೈಗೆ ಖಾಲಿ ಚೀಲ ಕೊಟ್ಟು ಎಲೆ ತುಂಬಿಕೊಂಡು ಬಾ ಎಂದೆ. ಅವಳು ಕದಲಲಿಲ್ಲ.

“ಆ ಬದಿಗೆ ಹೋಗ್ಬಾರ್ದಂತೆ ಅಕ್ಕೋರೆ.”

“ಯಾಕೆ?”

“ಅಲ್ಲಿ ಹನುಮಂತ ದೇವ್ರು ಸತ್ತದೆ.”

ಈಗ ಆ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ. ಆವತ್ತು ನನಗೆ ಕೇಳಿದ್ದು ‘ದೇವ್ರು’ ಎಂಬ ಶಬ್ದ ಮಾತ್ರ. ಪಾಪ, ಈ ಮಕ್ಕಳಿಗೆ ಎಂತೆಂಥ ಹೆದರಿಕೆ ತುಂಬಿಟ್ಟಿದ್ದಾರೆ ಅಂದುಕೊಂಡೆ. ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು, ಎರಡೂ ಭುಜ ಹಿಡಿದು, ಹೆದರಬೇಡ, ಯೇಸಪ್ಪನ ಹೆಸರು ಹೇಳಿಕೊಂಡು ಹೋಗು, ನಿನಗೆ ಏನೂ ಆಗುವುದಿಲ್ಲ ಎಂದೆ. ಸಾಕ್ಷಿಗೆ ಇದೊಂದು ಚೆಂದದ ಪ್ರಸಂಗವಾಯಿತು ಎಂದು ಆ ಕ್ಷಣದಲ್ಲೇ ಮನಸ್ಸಿನಲ್ಲಿ ಬಂದದ್ದೂ ಸುಳ್ಳಲ್ಲ. ಅವಳು ಬರಿಗಾಲಲ್ಲಿ ಹೋದಳು. ತುಟಿ ಅಲ್ಲಾಡುತ್ತಿದ್ದದ್ದು ನನಗೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ಚೀಲ ತುಂಬಿ, ಎದೆಗೆ ಅಪ್ಪಿಕೊಂಡು, ಕೂದಲ ತುಂಬಾ ಎಲೆಚೂರು ಮಾಡಿಕೊಂಡು ಬಂದಳು. ನಾಟಕ ಚೆನ್ನಾಗಿ ಆಯಿತು.

ಮುಂದಿನ ಶನಿವಾರ ಮೇಷ್ಟ್ರ ಫೋನು ಬಂತು. ಮೊದಲು ಕೇಳಿದ್ದು, “ನಿಮ್ಮ ಕಡೆಯೋರಿಗೆ ಯಾರಿಗಾದ್ರೂ ಜ್ವರ ಗಿರ ಬಂದಿದ್ಯಾ ಅಕ್ಕೋರೆ?” ಎಂದು. ಇಲ್ಲ ಎಂದೆ. ಆ ಹುಡುಗಿ ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆ, ಮೈಕೈ ಮುಟ್ಟಿದರೆ ಕೂಗುತ್ತಾಳೆ ಎಂದರು. ಶಾಲೆಯ ಹಿಂದೆ ನಾವು ಹೋಗುವುದಕ್ಕೆ ವಾರದ ಮೊದಲು ಒಂದು ಮಂಗ ಸತ್ತುಬಿದ್ದಿತ್ತಂತೆ. ಆರೋಗ್ಯ ಇಲಾಖೆಯವರು ಬಂದು ಅದನ್ನು ಸುಟ್ಟು, ರಕ್ತ ಹೀರುವ ಉಣುಗು ಹುಳ ಸಾಯಲೆಂದು ಸುತ್ತ ಪುಡಿ ಹೊಡೆದು, ಆ ಕಡೆ ಯಾರೂ ಹೋಗಬೇಡಿ ಎಂದು ಹೇಳಿ ಹೋಗಿದ್ದರಂತೆ. ಮಂಗ ಎಂದರೆ ಹನುಮಂತ ಅಲ್ಲವೇ, ಊರವರು ಒಂದು ಕಲ್ಲಿಟ್ಟು ಕುಂಕುಮ ಹಚ್ಚಿದ್ದರು.

ಮಂಗನ ಕಾಯಿಲೆ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಮಂಗ ಸತ್ತ ಜಾಗದಲ್ಲಿ ಉಣುಗು ಉದುರಿರುತ್ತದೆ, ತರಗೆಲೆಯಲ್ಲಿ ಅಡಗಿರುತ್ತದೆ, ಕಚ್ಚಿದರೆ ಜ್ವರ ಬರುತ್ತದೆ ಎಂದು ನಾನೇ ಎಷ್ಟು ಸಲ ಪೇಪರಿನಲ್ಲಿ ಓದಿದ್ದೇನೆ. ಆದರೆ ಶಿಕಾರಿಪುರದ ನಮಗೆ ಅದು ಯಾವಾಗಲೂ ಆ ಕಾಡಿನವರ ಕಾಯಿಲೆ.

ಮೇಷ್ಟ್ರು ಹೇಳುತ್ತಿದ್ದರು: “ಆಶಾ ಕಾರ್ಯಕರ್ತೆ ಬಂದು ಕೇಳ್ತಾ ಇದಾರೆ, ಹುಡುಗಿ ಆ ಬದಿಗೆ ಹೋಗಿತ್ತಾ ಅಂತ. ಅವರಮ್ಮ ಹೋಗೇ ಇಲ್ಲ ಅಂತಾಳೆ. ಹುಡುಗೀನೂ ಬಾಯಿ ಬಿಡ್ತಿಲ್ಲ. ಸುಮ್ನೆ ಥಂಡಿ ಜ್ವರ ಅಂತ ಗುಳಿಗೆ ಕೊಟ್ಕಂಡು ಕೂತಿದಾರೆ. ಆವತ್ತು ನೀವೇನಾದ್ರೂ ನೋಡಿದ್ರಾ?”

“ನಾನು ನೋಡ್ಲಿಲ್ಲ ಸರ್” ಎಂದೆ.

ಇಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಅದುವರೆಗೆ ಬಂದಿರಲಿಲ್ಲ. ಸಭೆಯ ಹೆಸರು ಕೆಡುತ್ತದೆ, ಮುಂದೆ ಯಾವ ಊರಿನವರೂ ನಮ್ಮನ್ನು ಒಳಗೆ ಬಿಡುವುದಿಲ್ಲ ಎಂದು ಆಮೇಲೆ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅದೆಲ್ಲ ಆಮೇಲಿನದು. ಆ ಕ್ಷಣಕ್ಕೆ ನನಗಿದ್ದದ್ದು ಬರೀ ಭಯ, ಅದೂ ನನ್ನ ಬಗ್ಗೆ. ಫೋನಿಟ್ಟು ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಭಾನುವಾರ ಸಭೆಯಲ್ಲಿ ಆ ಮಗುವಿಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡೆ, ಎಲ್ಲರೂ ಕೈಯೆತ್ತಿ ಕಣ್ಣೀರಿಟ್ಟು ಪ್ರಾರ್ಥಿಸಿದರು. ಒಂದು ಫೋನು ಮಾಡಿ ಒಂದು ಮಾತು ಹೇಳಬೇಕಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಸೋಮವಾರ ಬೆಳಿಗ್ಗೆ ತಡೆಯಲಾಗದೆ ಮೇಷ್ಟ್ರಿಗೆ ಫೋನು ಮಾಡಿ, ನಾನೇ ಕಳಿಸಿದ್ದು ಎಂದೆ. ಅವರು, “ಶನಿವಾರನೇ ಹೇಳ್ಬೇಕಿತ್ತು ನೀವು” ಎಂದು ಇಟ್ಟುಬಿಟ್ಟರು. ಅವತ್ತೇ ಸೊರಬದಲ್ಲಿ ರಕ್ತ ತೆಗೆದು, ಅಲ್ಲಿಂದ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದರು. ಕಾಯಿಲೆ ಅದೇ ಆಗಿತ್ತು. ಎರಡು ದಿನ ಮೊದಲು ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಎಲ್ಲ ಮುಗಿದ ಮೇಲೆ ಅಲ್ಲಿನ ನರ್ಸೊಬ್ಬರನ್ನು ಫೋನಿನಲ್ಲಿ ಕೇಳಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ನಾನು ಆಸ್ಪತ್ರೆಗೆ ಹೋದದ್ದು ಒಂದೇ ಸಲ, ಕ್ರಿಸ್‌ಮಸ್ಸಿನ ಹಿಂದಿನ ದಿನ. ಹುಡುಗಿಯ ಮೂಗಿನಲ್ಲಿ ಹತ್ತಿ ಇಟ್ಟಿದ್ದರು, ಹತ್ತಿ ಕೆಂಪಾಗಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಗುರುತು ಸಿಕ್ಕಿತು. ಏನೋ ಕೇಳಬೇಕೆನ್ನುವ ಹಾಗೆ ತುಟಿ ಅಲ್ಲಾಡಿಸಿದಳು. ಅವಳಮ್ಮ ಪಕ್ಕದಲ್ಲೇ ನಿಂತಿದ್ದಳು. ನಾನು ಗಡಿಬಿಡಿಯಲ್ಲಿ ಅವಳ ಹಣೆಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ಉದ್ದದ ಪ್ರಾರ್ಥನೆ ಮಾಡಿದೆ. ಕಣ್ಣು ಬಿಡುವ ಹೊತ್ತಿಗೆ ಅವಳು ಮತ್ತೆ ಮಂಪರಿಗೆ ಜಾರಿದ್ದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಆದದ್ದು ಅದೇ.

ಕ್ರಿಸ್‌ಮಸ್ ಕಳೆದು ಎರಡನೇ ದಿನ ಹುಡುಗಿ ತೀರಿಕೊಂಡಳು.

ಮರುದಿನವೇ ವರ್ಷದ ಕೊನೆಯ ಭಾನುವಾರ. ಪಾಸ್ಟರ್, “ಸಿಸ್ಟರ್, ನೀವು ಹೇಳ್ರಿ” ಎಂದರು. ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಹುಲ್ಲಿನ ಚೀಲ, ಕಲ್ಲು, ಫೋನಿನಲ್ಲಿ ಹೇಳಿದ ಸುಳ್ಳು. ಈ ಸಲ ದನಿ ತಗ್ಗಿಸುವ ಜಾಗ ಯಾವುದೂ ಗೊತ್ತಾಗಲಿಲ್ಲ. ಮೂರು ನಿಮಿಷ ಎಂದೋ ದಾಟಿತ್ತು, ಪಾಸ್ಟರ್ ಗಂಟೆ ಮುಟ್ಟಲಿಲ್ಲ. ನಾನು ಮುಗಿಸಿದಾಗ ಯಾರಾದರೂ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಎಂದೇ ಕಾಯುತ್ತಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು “ದೇವರಿಗೆ ಸ್ತೋತ್ರ” ಎಂದರು. ಹಿಂದೆ ನಾಲ್ಕಾರು ದನಿ ಸೇರಿದವು. ಮಗು ಕೊನೆಗಾಲದಲ್ಲಿ ಯೇಸುವಿನ ಹೆಸರು ತಿಳಿದುಕೊಂಡಿತಲ್ಲ, ಅದಕ್ಕಾಗಿಯೇ ದೇವರು ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ಎಂದರು ಒಬ್ಬರು. ಇನ್ನೊಬ್ಬಾಕೆ ಬಂದು ತಬ್ಬಿಕೊಂಡು, ಎಲ್ಲ ದೇವರ ಚಿತ್ತ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಆಕೆಯ ಕೈಯನ್ನು ಬಿಡಿಸಿಕೊಂಡೆ. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಬದುಕಿನಲ್ಲಿ ಯಾರ ಮೇಲೂ ಬಂದಿಲ್ಲ. ಕ್ಷಮೆ ಎನ್ನುವುದನ್ನು ಕೊಡಬೇಕಾದವರು ಆ ಕುರ್ಚಿಗಳಲ್ಲಿ ಯಾರೂ ಕೂತಿರಲಿಲ್ಲ.

ಹೊಸ ವರ್ಷದ ಮೊದಲ ವಾರ ಒಬ್ಬಳೇ ಬಸ್ಸು ಹತ್ತಿ ಹೋದೆ. ಟೆಂಪೊ ಇಲ್ಲ, ಕಂಬಳಿ ಇಲ್ಲ, ಕೈಯಲ್ಲಿ ಏನೂ ಇಲ್ಲ. ಅವಳಮ್ಮ ಶುಂಠಿ ತೊಳೆಯುವ ಕೆಲಸ ಮುಗಿಸಿ ಆಗ ತಾನೆ ಬಂದಿದ್ದಳು, ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು. ಬಾಗಿಲ ಹೊರಗೆ ಚಾಪೆ ಹಾಸಿ ಕೂರಿಸಿದಳು. ಚಾ ಮಾಡಲು ಹೊರಟವಳನ್ನು ತಡೆದೆ. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತು ಬಾಯಿಗೆ ಬರುವ ಮೊದಲೇ ಅವಳೇ ಶುರು ಮಾಡಿದಳು.

“ನಿಮ್ಮನ್ನ ಒಂದು ಕೇಳ್ಬೇಕು ಅಂತ ಇಟ್ಕಂಡಿದ್ದೆ ಅಕ್ಕೋರೆ. ಆಸ್ಪತ್ರೇಲಿ ಅವ್ಳು ನಂಗೆ ಹೇಳಿದ್ಲು. ಹೋಗೋವಾಗ ನೀವು ಹೇಳ್ಕೊಟ್ಟ ಹೆಸ್ರು ಹೇಳ್ಕಂಡೇ ಹೋದ್ಲಂತೆ. ಬರೋವಾಗ ಚೀಲ ಭಾರ ಆಗಿತ್ತಲ್ಲ, ಎತ್ಕಂಡು ಬರೋ ಗಡಿಬಿಡೀಲಿ ಹೇಳೋದು ಮರ್ತುಹೋಯ್ತಂತೆ. ಅದ್ಕೇ ಹಿಂಗಾಯ್ತಾ ಅಮ್ಮ, ನಂದೇ ತಪ್ಪಾ ಅಂತ ಒಂದೇ ಸಮ ಕೇಳ್ತಿದ್ಲು. ನಂಗೇನು ಗೊತ್ತು? ನಿಮ್ಮ ದೇವ್ರ ಕ್ರಮ ನಂಗೆ ಗೊತ್ತಿಲ್ಲ. ಅಕ್ಕೋರು ಬಂದ್ರೆ ಕೇಳಣ ಅಂತ ಹೇಳಿ ಸುಮ್ನಿರ್ಸಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲಿಕ್ಕೇ ಕೇಳುತ್ತಿದ್ದಳು.

ನಾನು ಅವಳ ಮಣ್ಣುಗೈಯನ್ನು ಹಿಡಿದುಕೊಂಡು, ಅಲ್ಲ ಎಂದೆ. ಅವಳ ತಪ್ಪು ಒಂದು ಚೂರೂ ಇಲ್ಲ, ಹೋಗಬಾರದೆಂದು ಅವಳು ನನಗೆ ಹೇಳಿದ್ದಳು, ಕೇಳದೆ ಕಳಿಸಿದವಳು ನಾನು, ಆಮೇಲೆ ಸುಳ್ಳು ಹೇಳಿದವಳೂ ನಾನೇ ಎಂದೆ. ಹೇಳುತ್ತಾ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಆವತ್ತು ಆಸ್ಪತ್ರೆಗೆ ಬಂದಿದ್ರಲ್ಲ” ಎಂದಳು. “ನಿಮ್ಮನ್ನ ಕಂಡು ಕಣ್ಣು ಬಿಟ್ಟಿದ್ಲು. ಇದನ್ನ ಅವ್ಳಿಗೆ ಹೇಳಿದ್ರೆ ಆಗ್ತಿತ್ತು.”